ಕರಿ ಬಣ್ಣ ಕೇಳಿದವಳು

ಹೋದ ವಾರ ಪಕ್ಕದ ಮನೆಯವರು ಹೊಸ ಬಾಗಿಲಿಗೆ ಅಗಸೆ ಎಣ್ಣೆ ತಿಕ್ಕಿಸುತ್ತಿದ್ದರು. ಬಿಸಿಲಿಗೆ ಆ ವಾಸನೆ ನಮ್ಮ ನಡುಮನೆವರೆಗೂ ಬಂತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಸುಲಿಯುತ್ತಿದ್ದ ಅವರೆಕಾಯಿಯನ್ನು ಹಾಗೇ ಹಿಡಿದು ಕೂತುಬಿಟ್ಟೆ... ಆಚಾರಿ ನೆನಪಾಗಿದ್ದರು.

ಅವರು ತಮಿಳುನಾಡಿನ ಕಂಬಂ ಕಣಿವೆಯ ನಮ್ಮೂರಿನ ಬಡಗಿ. ನಮ್ಮದು ಮನೆಯೊಳಗೆ ಕನ್ನಡ, ಅವರದು ತಮಿಳು. ಆದರೆ ನಮ್ಮ ಹೊಲದಂಚಿನ ಮನೆಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ನಮ್ಮ ಮಾತು ಅವರ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಆ ಮನೆಯ ಜಾಗ ನಮ್ಮಪ್ಪನದು. ಅದನ್ನು ಅಪ್ಪ ಮರೆಯುತ್ತಿರಲಿಲ್ಲ, ಅವರಿಗೂ ಮರೆಯಲು ಬಿಡುತ್ತಿರಲಿಲ್ಲ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಆದರೂ ನಾನು ಅವರನ್ನು "ಏ ಆಚಾರಿ" ಎಂದೇ ಕರೆಯುತ್ತಿದ್ದೆ.

ನನಗೆ ಹದಿನೈದು ತುಂಬಿತ್ತು. ದಿಂಡಿಗಲ್ ಹತ್ತಿರದ ಮನೆಗೆ ಮದುವೆ ಗೊತ್ತಾಗಿತ್ತು. ನನ್ನ ಜೊತೆ ಕಳಿಸಲು ಅಪ್ಪ ತೇಗದ ಮಂಚವೊಂದನ್ನು ಮಾಡಿಸಿದರು. ಮಂಚ ಮುಗಿದ ದಿನ ಆಚಾರಿ ಮೂರು ಹಲಗೆ ತುಂಡುಗಳನ್ನು ತಂದು ನಮ್ಮ ತಿಣ್ಣೆಯ ಮೇಲೆ ಬಿಸಿಲಿಗೆ ಇಟ್ಟರು. ಒಂದಕ್ಕೆ ಬರೀ ಅಗಸೆ ಎಣ್ಣೆ ತಿಕ್ಕಿದ್ದರು. ಇನ್ನೊಂದಕ್ಕೆ ಎಣ್ಣೆಯ ಮೇಲೆ ಜೇನುಮೇಣ. ಮೂರನೆಯದಕ್ಕೆ ಅರಗು ಕರಗಿಸಿದ ಮೆರುಗು. ಅವರ ಮನಸ್ಸು ಮೊದಲನೆಯದರ ಮೇಲಿತ್ತು. ಅದರ ಗೆರೆಗಳ ಮೇಲೆ ಬೆರಳಾಡಿಸುತ್ತಲೇ ಇದ್ದರು. ಆಮೇಲೆ ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನೀವು ಮಲಗೋ ಮಂಚ ತಾಯಿ. ನೀವೇ ಹೇಳಿ."

ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಏನೂ ಕೇಳಿದವರಲ್ಲ. ಸೀರೆ ತರಲು ಹೋದಾಗ ದಿಂಡಿಗಲ್ಲಿನಲ್ಲಿ ತೊಗಲು ವ್ಯಾಪಾರಿಯೊಬ್ಬರ ಮನೆಯ ಕುರ್ಚಿ ನೋಡಿದ್ದೆ. ಕರ್ರಗೆ, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನನಗೂ ಅಂಥದ್ದೇ ಬೇಕು ಎಂದೆ.

ಆಚಾರಿಯ ಮುಖ ಸಣ್ಣಗಾಯಿತು. ಅಷ್ಟು ಕಪ್ಪು ಬರಬೇಕಾದರೆ ಕೇರುಬೀಜದ ರಸ ಬಳಿಯಬೇಕು, ಅಗಸರು ಬಟ್ಟೆಗೆ ಗುರುತು ಹಾಕುವ ಅದೇ ರಸ. ತೇಗದ ಗೆರೆಯೆಲ್ಲ ಮುಚ್ಚಿಹೋಗುತ್ತದೆ ಎಂದರು. ಅದಕ್ಕಿಂತ ಹೆಚ್ಚಾಗಿ ಆ ರಸ ತನ್ನ ಮೈಗೆ ಆಗುವುದಿಲ್ಲ, ಹಿಂದೊಮ್ಮೆ ಮುಟ್ಟಿ ತೋಳೆಲ್ಲ ಬಾತುಕೊಂಡು ಹಾಸಿಗೆ ಹಿಡಿದಿದ್ದೆ ಎಂದು ಅಪ್ಪನ ಮುಂದೆ ಕೈಮುಗಿದರು.

ಅಪ್ಪ ವೀಳ್ಯದೆಲೆಗೆ ಸುಣ್ಣ ಸವರುತ್ತಲೇ ಹೇಳಿದರು: "ಮಗಳು ಬಾಯಿಬಿಟ್ಟು ಕೇಳಿರೋದು ಇದೊಂದೇ. ಆಗ್ದು ಅಂದ್ರೆ ಮನೆ ಬಿಡು. ಆಗೋನು ಒಬ್ಬ ಬತ್ತಾನೆ."

ಆಚಾರಿ ನನ್ನನ್ನು ನೋಡಿದರು. ಎಣ್ಣೆಯೇ ಸಾಕು ಎಂದು ನಾನೊಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ನಾನು ಬಳೆ ತಿರುಗಿಸುತ್ತಾ ನಿಂತೆ. ನಾದಿನಿಯರು ಆ ಮಂಚ ನೋಡಿ ಕರುಬುವುದೇ ಕಣ್ಣ ಮುಂದಿತ್ತು...

ಮೊಣಕೈವರೆಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು, ಬಟ್ಟೆ ಸುತ್ತಿಕೊಂಡು ಅವರು ಮೂರು ಸಲ ರಸ ಬಳಿದರು. ನಾಲ್ಕನೆಯ ದಿನ ಮುಖ ಗುರುತು ಸಿಗದಷ್ಟು ಊದಿತ್ತು. ಕೈತುಂಬ ಗುಳ್ಳೆ ಎದ್ದು ನೀರು ಸೋರುತ್ತಿತ್ತು. ಮಂಚ ನೋಡಲು ಬಂದ ನೆಂಟರನ್ನು ಅಪ್ಪ ಬೇವಿನ ಮರದ ಕೆಳಗೆ ಕೂತಿದ್ದ ಅವರ ಹತ್ತಿರವೂ ಕರೆದೊಯ್ದು, ಮಂಚಕ್ಕಿಂತ ಇವನೇ ಚೆನ್ನಾಗಿ ಮಿಂಚುತ್ತಾನೆ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮದುವೆಗೆ ಎಂಟು ದಿನವಿದೆ ಅನ್ನುವಾಗ ನನ್ನ ಅತ್ತೆಯಾಗುವವರು ಬಂದರು. ಮಂಚವನ್ನು ಕೈಯಲ್ಲಿ ಮುಟ್ಟದೆ ಒಂದು ಸುತ್ತು ಬಂದರು.

"ಕಲ್ಯಾಣದ ಮಂಚಕ್ಕೆ ಕರೀ ಬಣ್ಣಾನಾ? ಇದನ್ನ ಮನೇಗೆ ತರೋದಾ, ಸುಡುಗಾಡಿಗೆ ಹೊರೋದಾ?"

ಬುದ್ಧಿಯಿಲ್ಲದ ಆಚಾರಿ ತಾನಾಗಿ ಹೀಗೆ ಮಾಡಿಬಿಟ್ಟ ಎಂದು ಅಪ್ಪ ಆ ಕ್ಷಣವೇ ಹೇಳಿದರು. ಆಚಾರಿ ಅಲ್ಲೇ ನಿಂತಿದ್ದರು, ಕೈಗೆ ಬಟ್ಟೆ ಸುತ್ತಿಕೊಂಡು. ಅಲ್ಲ ಅನ್ನಲಿಲ್ಲ. ಬಾಗಿಲ ಹಿಂದೆ ಇದ್ದ ನಾನೂ ಅನ್ನಲಿಲ್ಲ.

ಬಳಿದವರೇ ಅದನ್ನು ಕೆರೆದು ತೆಗೆಯಬೇಕಾಯಿತು. ಎರಡು ದಿನ ಆ ಕರೀ ಪುಡಿ ಅವರ ಕಣ್ಣಿಗೆ, ಮೂಗಿಗೆ, ಮಾಯದ ಗಾಯಗಳಿಗೆ ಬೀಳುತ್ತಲೇ ಇತ್ತು. ಕೊನೆಗೆ ಬೆರಳು ಮಡಚಲಾಗದೆ ಕೂತರು. ಅವರ ಹೆಂಡತಿ ಬಂದು ಮಂಚಕ್ಕೆಲ್ಲ ಅಗಸೆ ಎಣ್ಣೆ ತಿಕ್ಕಿದಳು. ಚೆಂದವೇ ಕಂಡಿತು. ಅತ್ತೆ ಒಪ್ಪಿದರು.

ಆಷಾಢಕ್ಕೆ, ಅಲ್ಲಿಯವರ ಆಡಿ ತಿಂಗಳಲ್ಲಿ, ತವರಿಗೆ ಬಂದೆ. ಏನನ್ನಿಸಿತೋ, ಒಂದು ಸೋರೆಕಾಯಿ ಹಿಡಿದುಕೊಂಡು ಆಚಾರಿಯ ಮನೆ ಕಡೆ ಹೋದೆ. ಅವರು ಗೋಡೆಗೆ ಒರಗಿ ಕೂತಿದ್ದರು. ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು, ಇನ್ನೊಂದರ ರೆಪ್ಪೆ ಅಂಟಿಕೊಂಡಿತ್ತು. ಬಲಗೈಯ ಬೆರಳುಗಳು ಒಳಗೆ ಸೊಟ್ಟಗಾಗಿದ್ದವು. ನಾನು ಬಾಯಿ ತೆರೆಯುವುದರೊಳಗೆ ಹೆಂಡತಿ ಎದುರು ಬಂದು ತಡೆದಳು.

"ಸದ್ದು ಮಾಡ್ಬ್ಯಾಡಿ ತಾಯಿ," ಎಂದು ಪಿಸುಗುಟ್ಟಿದಳು. "ಬಂದಿರೋದು ನೀವು ಅಂತ ಗೊತ್ತಾದ್ರೆ ಎದ್ದು ನಿಂತ್ಕಂಬುಡ್ತಾರೆ."

ಸೋರೆಕಾಯಿಯನ್ನು ಅವಳ ಕೈಗಿಟ್ಟು, ಕಾಲಂದುಗೆ ಸದ್ದಾಗದಂತೆ ಹಿಂದಕ್ಕೆ ಬಂದೆ.

ಪೊಂಗಲ್ಲಿಗೆ ಹೋದಾಗ ಆ ಮನೆ ಇರಲಿಲ್ಲ. ಅಲ್ಲಿಯೂ ಹತ್ತಿ ಹಾಕಿದ್ದರು. ಕೆಲಸ ಮಾಡಲಾಗದವನಿಗೆ ಜಾಗ ಯಾಕೆ ಎಂದು ಅಪ್ಪ ಎಬ್ಬಿಸಿದರಂತೆ. ಅವರು ಮಧುರೆ ಕಡೆ ಹೋದರು ಎಂದು ಅಮ್ಮ ಹೇಳಿದಳು. ಬೆಟ್ಟದ ತೋಟಗಳಿಗೆ ಎಂದು ಯಾರೋ... ಕಣ್ಣಿಲ್ಲದವರನ್ನು ತೋಟದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಈಗ ನನಗೆ ಎಪ್ಪತ್ತು ದಾಟಿದೆ. ಆಚಾರಿ, ಅವರ ಹೆಂಡತಿ ಇಬ್ಬರಲ್ಲಿ ಒಬ್ಬರೂ ಬದುಕಿರಲಾರರು. ಮೊನ್ನೆ ಅಣ್ಣನ ಮಗ ಹೊಸ ಮನೆ ಕಟ್ಟಿದನೆಂದು ಊರಿಗೆ ಹೋಗಿದ್ದೆ. ಆಚಾರಿಯ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಅವನಿಗೆ ಆಶ್ಚರ್ಯವಾಯಿತು.

"ನಮ್ಮೂರಲ್ಲಿ ಆಚಾರಿ ಯಾವಾಗಿದ್ರು ಅತ್ತೆ? ಮರದ ಕೆಲ್ಸಕ್ಕೆ ಕಂಬಂನಿಂದ ತಾನೇ ಕರ್ಸೋದು."

ಎಲ್ಲ ಗೊತ್ತಿದ್ದ ಅಣ್ಣ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದ. ಇದ್ದರು ಕಣೋ, ಅಂದುಬಿಡಬೇಕಿತ್ತು. ಅಷ್ಟರಲ್ಲಿ ಎಲೆ ಹಾಕಿದೆ ಎಂದು ಒಳಗಿನಿಂದ ಕರೆದರು. ಎದ್ದು ಹೋಗಿ ಊಟಕ್ಕೆ ಕೂತೆ.