ಹಳೇ ವರ್ಷ ಬಿಟ್ಟುಹೋದ ತಂಗಿ

ನಾರ್ಸಿಸಾ ಕಿಮಿಗೆ ವಿನಿಸಿಯೊ ಮೇಷ್ಟ್ರನ್ನು ಸುಡಬೇಕಿತ್ತು. ಗ್ವಾಯಾಕಿಲ್‌ನ ಅವಳ ಬೀದಿಯಲ್ಲಿ ಡಿಸೆಂಬರಿನ ಕಡೆಯ ದಿನ ಹೇಗೂ ಹಳೇ ವರ್ಷದ ಗೊಂಬೆ ಸುಡುತ್ತಾರೆ. ಹರಿದ ಪ್ಯಾಂಟು, ಒಳಗೆ ಮರದ ಹೊಟ್ಟು, ಕಾಗದದ ಮುಖ. ಆ ಮುಖಕ್ಕೆ ಮೇಷ್ಟ್ರ ಮೀಸೆ ಬರೆದುಬಿಟ್ಟರೆ ಆಯಿತು. ಆದರೆ ಬೂದಿಯಾಗುವುದು ಗೊಂಬೆ ತಾನೇ? ಅವಳಿಗೆ ಮೇಷ್ಟ್ರ ನಿಜವಾದ ಮುಖವೇ ಎಲ್ಲರೆದುರು ಕಪ್ಪಿಡಬೇಕಿತ್ತು.

ಅವಳು ಸಂಜೆ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಳು. ಅಂತರ್ಜಾಲಕ್ಕೆ ಬರೆಯುವುದು ಹೇಗೆಂದು ಅಲ್ಲಿ ಕಲಿಸುತ್ತಿದ್ದವರು ಇದೇ ಬೀದಿಯ ವಿನಿಸಿಯೊ ಮೇಷ್ಟ್ರು. ‘ಬರೆಯುವುದನ್ನು ನೀವು ಎಲ್ಲಿ ಕಲಿತಿರಿ? ಇದನ್ನೇ ತರಗತಿಯ ಅಂತರ್ಜಾಲ ಪುಟದಲ್ಲಿ ಬರೆಯಿರಿ. ಅಂಕ ಕೊಡುವವರೆಗೆ ಬೇರೆಲ್ಲೂ ಹಾಕಬೇಡಿ’ ಎಂದಿದ್ದರು. ಒಂದು ತೋಳಿನ ಮೇಲೆ ಮಗಳು ಅನಾಹಿಯ ತಲೆ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಬರಹ. ಪಾಠವೆಲ್ಲ ಫೋನಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಮಾಳಿಗೆಯ ನೀಲಿ ನೀರಿನ ತೊಟ್ಟಿಯ ಪಕ್ಕ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿ ಕೂತು ಪಾಠ ಕೇಳಿದ ಕಥೆಯನ್ನೇ ಬರೆದಳು. ಪಾಠ ನಡುನಡುವೆ ಕಡಿದುಹೋಗುತ್ತಿತ್ತು. ಕಡಿದ ಎರಡು ಮಾತಿನ ನಡುವೆ ಏನಿತ್ತೋ ಎಂದು ತಾನೇ ಕಟ್ಟಿಕೊಳ್ಳುತ್ತ ಕಟ್ಟಿಕೊಳ್ಳುತ್ತ ಬರೆಯುವುದು ಬಂತು ಎಂದು ಮುಗಿಸಿದಳು. ಹೀಗೆ ಬರೆಯಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ.

ಕೆಲವು ದಿನ ಕಳೆದು ಮೇಷ್ಟ್ರು, "ನಿಂದು ಬಂದೇ ಇಲ್ವಲ್ಲ, ಮತ್ತೆ ಬರೆದು ಹಾಕು" ಎಂದರು. ತರಗತಿಯ ಪುಟದ ಕೀಲಿ ಅವರ ಕೈಯಲ್ಲಿತ್ತು, ಯಾರ ಬರಹವನ್ನಾದರೂ ಅಳಿಸಬಲ್ಲವರು ಅವರೊಬ್ಬರೇ. ಅವಳು ನೆನಪಿನಿಂದ ಮತ್ತೆ ಬರೆದಳು. ಆಮೇಲೆ ನೋಡಿದರೆ ಅದೇ ಬರಹ ಆಗಲೇ ಮೇಷ್ಟ್ರ ಸ್ವಂತ ಪುಟದಲ್ಲಿ, ಸಾವಿರಾರು ಹೃದಯಗಳ ಮೇಲೆ ಮೆರೆಯುತ್ತಿತ್ತು! ಪಾಠ ಕೇಳುವವಳು ಹೋಗಿ ಪಾಠ ಹೇಳುವವರು ಬಂದಿದ್ದರು. ಮಗಳು ಹೋಗಿ ‘ನನ್ನ ತಂಗಿಯ ಮಗಳು’ ಬಂದಿದ್ದಳು. ಕೆಳಗೆ ‘ಇದು ನನ್ನದು’ ಎಂದು ಬರೆದಳು. ಅಳಿಸಿಹೋಯಿತು. ತರಗತಿಯಲ್ಲಿ ಅವಳನ್ನು ನಿಲ್ಲಿಸಿ ಮೇಷ್ಟ್ರು ನಕ್ಕರು: "ಕದಿಯೋಕೂ ಒಂದು ಅಳತೆ ಬೇಡ್ವಾ? ತಾರೀಖು ನೋಡಮ್ಮ, ಯಾರದು ಮೊದಲು?"

ಕೈಬರಹವಾಗಿದ್ದರೆ ಅಕ್ಷರವೇ ಸಾಕ್ಷಿ ಹೇಳುತ್ತಿತ್ತು. ಫೋನಿನಲ್ಲಿ ಕದ್ದವನದೂ ಕಳಕೊಂಡವಳದೂ ಒಂದೇ ಅಕ್ಷರ. ಜನವರಿಯಲ್ಲಿ ವಿಚಾರಣೆ, ನಕಲು ಎಂದು ತೀರ್ಮಾನವಾದರೆ ಕಾಲೇಜಿನಿಂದ ಹೊರಗೆ. ಅನಾಹಿ ದೊಡ್ಡವಳಾಗಿ ಕೇಳಿದರೆ ಏನು ಹೇಳುವುದು? ನಿಮ್ಮಮ್ಮ ಕಳ್ಳಿ ಅಂತಲೇ? ಈ ಯೋಚನೆ ಬಂದಾಗಲೆಲ್ಲ ಅವಳು ಮಲಗಿದ ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು, ಜ್ವರವಿಲ್ಲದಿದ್ದರೂ.

ಗೊಂಬೆ ಸುಡುವ ಮೊದಲು ಹಳೇ ವರ್ಷದ ಉಯಿಲು ಓದಬೇಕು. ಸಾಯಲಿರುವ ವರ್ಷ ಬೀದಿಯ ಒಬ್ಬೊಬ್ಬರಿಗೂ ಏನೇನು ಬಿಟ್ಟುಹೋಗುತ್ತದೆ ಎಂಬ ಗೇಲಿ ಅದು. ಬರೆಯುವವಳು ನಾರ್ಸಿಸಾ ಎಂದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಓದುವುದು ಮೇಷ್ಟ್ರು, ಅವರದು ಕಂಚಿನ ಕಂಠ. ಓದುವವರು ಅದನ್ನು ಮೊದಲೇ ನೋಡುವಂತಿಲ್ಲ, ಒಂದು ಸಾಲನ್ನೂ ಬಿಡುವಂತಿಲ್ಲ. ಬಿಟ್ಟರೆ ಬೀದಿಗೇ ಕೇಡು.

ಅವತ್ತು ಹೊತ್ತು ಮುಳುಗುವ ಮೊದಲೇ ಜನ ಸೇರಿದರು. ಪಟಾಕಿ ಹೊಗೆ ಕುಡಿದು ಮಗುವಿಗೆ ಕೆಮ್ಮು ಹತ್ತೀತೆಂದು ನಾರ್ಸಿಸಾ ಅನಾಹಿಯ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದಳು. ಪದ್ಧತಿಯಂತೆ ಗೊಂಬೆಯ ವಿಧವೆಯ ವೇಷ ಹಾಕಿದ್ದ ಬೀದಿಯ ಹುಡುಗ ಕ್ಲೆಬರ್ ಕರಿ ಲಂಗದಲ್ಲಿ ಎದೆ ಬಡಿದುಕೊಳ್ಳುತ್ತಿದ್ದ: "ಅಯ್ಯೋ ನನ್ನ ರಾಜಾ, ನನ್ನನ್ನ ಯಾರ ಕೈಗೆ ಬಿಟ್ಟು ಹೋಗ್ತಿದ್ದೀಯೋ!"

ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನನ್ನ ಪಾಲಿಗೇನಿದೆ, ನಾರ್ಸಿಸಾ?"

"ನನ್ನನ್ಯಾಕೆ ಕೇಳ್ತೀರಾ ಮೇಷ್ಟ್ರೇ? ಬರೆಯೋದು ಹಳೇ ವರ್ಷ. ಎಲ್ಲರಿಗಿರೋ ಹಾಗೆ ನಿಮಗೂ ಇರುತ್ತೆ."

ಓದು ಶುರುವಾಯಿತು. ಮೀನಿನ ಸಾರು ಮಾರುವ ಫಾನಿ ಅಕ್ಕನಿಗೆ ಒಂದು ಮೀನು, ಯಾಕೆಂದರೆ ಅವಳ ಸಾರಿನಲ್ಲಿ ಈ ವರ್ಷ ಅದನ್ನು ಕಂಡವರಿಲ್ಲ. ಬೀದಿ ಹೋ ಎಂದಿತು. ಮೇಷ್ಟ್ರೂ ನಕ್ಕು ಮುಂದಿನದಕ್ಕೆ ದನಿ ಏರಿಸಿದರು.

"ನನ್ನ ಮುದ್ದಿನ ವಿನಿಸಿಯೊಗೆ ಅವನ ತಂಗಿಯನ್ನು ಬಿಟ್ಟುಹೋಗುತ್ತೇನೆ. ಅವಳ ಜ್ವರದ ಮಗಳನ್ನು ಮಡಿಲಲ್ಲಿಟ್ಟುಕೊಂಡು, ಮಾಳಿಗೆಯ ನೀಲಿ ತೊಟ್ಟಿಯ ಪಕ್ಕ..."

ಕಂಠ ಕುಸಿಯಿತು.

"ನುಂಗಬೇಡಿ, ಓದಿ!" ಕ್ಲೆಬರ್ ಕೂಗಿದ.

"...ಪಕ್ಕ ಕೂತು ಅವನು ಪಾಠ ಹೇಳಿದ್ದನ್ನು ಅವನ ಪುಟದಲ್ಲಿ ಓದಿ ಲೋಕವೆಲ್ಲ ಅತ್ತಿದೆ. ಆ ತಂಗಿಯನ್ನು ಒಮ್ಮೆ ನಮಗೂ ತೋರಿಸಲಿ."

"ನೀಲಿ ತೊಟ್ಟಿ ಇರೋದು ನಾರ್ಸಿಸಾ ಮನೆ ಮೇಲಲ್ವಾ?" ಎಂದಳು ಫಾನಿ ಅಕ್ಕ. "ನಿಮ್ಮನೇದು ತಗಡಿನ ಸೂರು. ಅದರ ಮೇಲೆ ಹೇಗೆ ಕೂತಿದ್ರಿ ಮೇಷ್ಟ್ರೇ, ಬೆಕ್ಕಿನ ಹಾಗಾ?"

ನಗೆ ಎದ್ದಿತು. ನಾರ್ಸಿಸಾಗೆ ಬೇಕಿದ್ದದ್ದು ಇಷ್ಟೇ. ಅಷ್ಟರಲ್ಲಿ ಮೇಷ್ಟ್ರ ತಾಯಿ ಸೊಯ್ಲಾ ಅಮ್ಮ ಕುರ್ಚಿಯಿಂದ ಎದ್ದರು.

"ಯಾವ ತಂಗಿಯೋ? ನಾನು ಹೆತ್ತಿದ್ದು ನಿನ್ನೊಬ್ಬನ್ನೇ."

"ತಮಾಷೆ ಅಮ್ಮಾ, ಕೂತ್ಕೋ."

"ಪುಟದಲ್ಲಿ ಬರೆದಿದ್ದೀಯೋ ಇಲ್ವೋ?"

ಕ್ಲೆಬರ್ ರವಿಕೆಯೊಳಗಿಂದ ಫೋನು ತೆಗೆದು ಗಟ್ಟಿಯಾಗಿ ಓದಿಯೇಬಿಟ್ಟ: "ನನ್ನ ತಂಗಿಯ ಮಗಳು."

ಮುದುಕಿಯ ಮುಖ ಬಿಳಿಚಿತು. "ನಿಮ್ಮಪ್ಪ ಹಡಗಿನ ಕೆಲಸ ಅಂತ ತಿಂಗಳುಗಟ್ಟಲೆ ಹೋಗ್ತಿದ್ರಲ್ಲ... ಇದಕ್ಕೇನಾ? ಅವಳ ಮಗೂನ ನೀನು ಮಡಿಲಲ್ಲಿ ಬೇರೆ ಕೂರಿಸ್ಕೊಂಡೆಯಾ?"

ಇದನ್ನು ನಾರ್ಸಿಸಾ ಎಣಿಸಿರಲಿಲ್ಲ. ನಗೆ ನಿಂತಿತು. ಮುದುಕಿಯ ತುಟಿ ಅದುರುವುದು ಅವಳಿಗೆ ಕಂಡಿತು. ತಾನೊಂದು ಮಾತು ಆಡಿದರೆ ಮುಗಿಯುತ್ತಿತ್ತು. ಆ ಮಾತನ್ನು ಹಲ್ಲು ಕಚ್ಚಿ ಹಿಡಿದಳು. ಅವರೇ ಹೇಳಲಿ.

"ಇಲ್ಲಮ್ಮಾ," ಎಂದರು ಮೇಷ್ಟ್ರು. "ಅಪ್ಪಂಗೆ ಯಾರೂ ಇರ್ಲಿಲ್ಲ. ತಂಗಿ ಇಲ್ಲ, ಮಗೂನೂ ಇಲ್ಲ. ಅದು... ನಾನು ಬರೆದಿದ್ದಲ್ಲ."

"ಮತ್ಯಾರದು?"

"ನಾರ್ಸಿಸಾದು."

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ ಮೇಷ್ಟ್ರೇ," ಎಂದಳು ನಾರ್ಸಿಸಾ.

ಅವರು ಮತ್ತೆ ಹೇಳಿದರು, ಈ ಸಲ ಆ ಕಂಚಿನ ಕಂಠದಲ್ಲೇ. ಸೊಯ್ಲಾ ಅಮ್ಮ ತೀರಿಹೋದ ಗಂಡನ ಹೆಸರು ಹಿಡಿದು ಶಿಲುಬೆಯ ಗುರುತು ಮಾಡಿಕೊಂಡು ಕುರ್ಚಿಗೆ ಕುಸಿದರು. ಮೇಷ್ಟ್ರು ಫೋನು ಹಿಡಿದು ನಾರ್ಸಿಸಾಳ ಹತ್ತಿರ ಬಂದರು.

"ಸಮಾಧಾನ ಆಯ್ತಾ? ಈಗಲೇ ತೆಗೆದುಹಾಕ್ತೀನಿ."

"ತೆಗೀಬೇಡಿ. ಮೇಲೆ ನನ್ನ ಹೆಸರು ಹಾಕಿ. ತಂಗಿ ಮಗಳನ್ನ ಅಳಿಸಿ ಅನಾಹಿ ಅಂತ ಬರೀರಿ. ನಾನು ನೋಡ್ತಿರ್ತೀನಿ."

ಅವರು ಹೆಬ್ಬೆರಳಿನಲ್ಲಿ ಬರೆಯತೊಡಗಿದರು. ತಪ್ಪಿದಲ್ಲೆಲ್ಲ ಅವಳು ಮತ್ತೆ ಬರೆಸಿದಳು.

"ಇನ್ನೇನು?"

"ವಿಚಾರಣೆ ದಿನ ಆಫೀಸಿಗೆ ಬಂದು ಇದನ್ನೇ ಹೇಳಿ. ಬರುವಾಗ ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ."

"ಬರ್ತೀನಿ ಕಣೇ," ಎಂದರು ಸೊಯ್ಲಾ ಅಮ್ಮ ಕೂತಲ್ಲಿಂದಲೇ. "ಇವನ ಕಿವಿ ಹಿಡ್ಕೊಂಡೇ ಬರ್ತೀನಿ."