ಕರಡಿಯ ಗೊರಕೆಗೆ ನಕ್ಕ ದಿನ

ಹೋದ ವರ್ಷ ಆಷಾಢದ ಒಂದು ಭಾನುವಾರ. ನನ್ನ ಗಂಡ ಮಂಜು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರು ಚನ್ನಪಟ್ಟಣದ ಒಂದು ಕಾರ್ಖಾನೆಯಲ್ಲಿ ಮರದ ಬೊಂಬೆ ಕಡೆಯುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ನಾನು ಬೊಂಬೆಗಳಿಗೆ ಕಣ್ಣು, ಮೂಗು ಬರೆಯುತ್ತೇನೆ. ಒಂದು ಬೆಳಿಗ್ಗೆ ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ.

ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ಇಬ್ಬರೂ ಅವರ ಹೆಸರನ್ನು ಎತ್ತುತ್ತಿರಲಿಲ್ಲ. ಎತ್ತಿದರೆ ಇನ್ನೊಬ್ಬರು ಅಳುತ್ತಾರೆಂಬ ಭಯ. ನೀರು ಬಂತಾ, ಊಟ ಆಯ್ತಾ, ಅಷ್ಟೇ ಮಾತು. ವಿರೂಪಾಕ್ಷಿಪುರದಿಂದ ಅಣ್ಣ ಬಂದು, "ವರ್ಸದ ಕಾರ್ಯ ಮುಗುಸ್ಕಂಡು ನಮ್ಮನೆಗೆ ಬಂದ್ಬುಡವ್ವ" ಎಂದಿದ್ದ. ನಾನು ಒಪ್ಪಿದ್ದೆ. ಆ ಮೌನದಲ್ಲಿ ಬದುಕುವುದು ನನ್ನಿಂದ ಆಗುತ್ತಿರಲಿಲ್ಲ.

ಆಗ ರಾಮನಗರದ ಟಾಕೀಸಿಗೆ ಕನ್ನಡಕ್ಕೆ ಡಬ್ ಆದ ಪ್ರಾಣಿಗಳ ಕಾರ್ಟೂನ್ ಸಿನಿಮಾ ಬಂತು. ಪೋಸ್ಟರಿನಲ್ಲಿ ದುಂಡು ಕಣ್ಣಿನ ಕರಡಿ, ಪಕ್ಕದಲ್ಲಿ ಕೆಂಪು ಹೆಣ್ಣು ನರಿ. ಅಂಥದ್ದೊಂದು ಬೊಂಬೆ ಜೋಡಿ ಮಾಡೋಣವೆಂದು ನಮ್ಮ ಮಾಲೀಕರು, "ಬಣ್ಣ ನೋಡ್ಕಂಡು ಬನ್ನಿ" ಎಂದು ನನ್ನನ್ನೂ ಜೊತೆ ಕೆಲಸ ಮಾಡುವ ನಸ್ರೀನ್ ಅಕ್ಕನನ್ನೂ ಕಳಿಸಿದರು. ಸಾವಾದ ಮನೆಯವರು ವರ್ಷ ತುಂಬುವವರೆಗೆ ಸಿನಿಮಾ ನೋಡಬಾರದು ಎಂಬುದು ನಮ್ಮಲ್ಲಿ ಕಟ್ಟಳೆ. ಅತ್ತೆಯನ್ನು ಹೆದರುತ್ತಲೇ ಕೇಳಿದೆ. "ಬೊಂಬೆ ಸಿನ್ಮಾ ತಾನೆ? ಮಕ್ಕಳ್ದು. ಅದ್ಕ್ಯಾವ ದೋಸ? ನಾನೂ ಬತ್ತೀನಿ" ಎಂದರು. ಬೊಂಬೆ ಎಂದರೆ ಮಕ್ಕಳದು. ನಮ್ಮೂರಲ್ಲಿ ಬೇರೆ ಯೋಚನೆ ಯಾರಿಗೂ ಬರುವುದಿಲ್ಲ.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಕರಡಿಯೂ ನರಿಯೂ ಮುತ್ತಿಟ್ಟುಕೊಂಡು ಒಂದೇ ಮಂಚ ಸೇರಿದವು. ಮಾತುಗಳೂ ಹಾಗೇ ಇದ್ದವು. ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು. ಮಗುವನ್ನು ಎತ್ತಿಕೊಂಡಿದ್ದ ಒಬ್ಬರು ಎದ್ದು, "ಥೂ, ಇದನ್ನ ಮಕ್ಕಳಿಗೆ ತೋರ್ಸದಾ?" ಎಂದು ಕೂಗಿದರು.

"ಮಕ್ಕಳಿಗಲ್ಲ ಅಂತ ಬೋರ್ಡಲ್ಲೇ ಬರ್ದೈತೆ, ಓದ್ಬಾರ್ದೇನಣ್ಣ?" ಎಂದ ಹುಡುಗರಲ್ಲೊಬ್ಬ.

"ಕರಡಿ ನೋಡ್ದವನು ಬೋರ್ಡ್ ಯಾಕ್ಲಾ ಓದ್ತಾನೆ?" ಎಂದು ಬೈದುಕೊಂಡು ಅವರು ಹೊರಟರು. ಹಿಂದೆಯೇ ಇನ್ನೆರಡು ಸಂಸಾರ ಎದ್ದು ಹೋದವು. ನಸ್ರೀನ್ ಅಕ್ಕ ನನ್ನ ಕಿವಿಯಲ್ಲಿ, "ಯಾ ಅಲ್ಲಾ, ಬಣ್ಣ ನೋಡು, ಬರೀ ಬಣ್ಣ ನೋಡು" ಎಂದರು.

ಅತ್ತೆ ಸೆರಗನ್ನು ಮುಖಕ್ಕೆ ಹಿಡಿದಿದ್ದರು. ಇವತ್ತಿಗೆ ಮುಗಿಯಿತು, ಇನ್ನು ನನ್ನ ಮುಖ ನೋಡುವುದಿಲ್ಲ ಅಂದುಕೊಂಡೆ. ಆಮೇಲೆ ನೋಡಿದರೆ ಅವರ ಭುಜ ಅಲುಗುತ್ತಿತ್ತು. ಅತ್ತೆ ನಗುತ್ತಿದ್ದರು.

ಸಿನಿಮಾದಲ್ಲಿ ಕರಡಿ ಗೊರಕೆ ಹೊಡೆಯುತ್ತಿತ್ತು. ನಿದ್ದೆ ಬಾರದ ನರಿ ಅದರ ಮೂಗು ಹಿಂಡಿತು. ನನಗೆ ತಡೆಯಲಾಗಲಿಲ್ಲ, ಜೋರಾಗಿ ನಕ್ಕುಬಿಟ್ಟೆ. ಮಂಜು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಎರಡು ಸಾಲು ಮುಂದಿದ್ದ ನಮ್ಮ ಬೀದಿಯ ಗೌರಮ್ಮ ತಿರುಗಿ, "ಗಂಡ ಹೋಗಿ ವರ್ಸ ಆಗಿಲ್ಲ, ನಗಾದ್ ನೋಡು!" ಎಂದರು. ನಾನು ಬಾಯಿಗೆ ಕೈ ಒತ್ತಿಕೊಂಡೆ.

ಅತ್ತೆ ಸೆರಗು ತೆಗೆದರು. "ಏಯ್ ಗೌರಿ, ನಗ್ತಿರೋದು ನಮ್ಮನೆ ಹುಡ್ಗಿ. ನೀನು ಮುಂದ್ಕೆ ತಿರುಕ್ಕಂಡು ಪಿಚ್ಚರ್ ನೋಡು."

"ಅಜ್ಜಿ ಸೂಪರ್!" ಎಂದು ಹುಡುಗರು ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂತಿದ್ದರು. "ನಮ್ ಮಂಜನೂ ಹಂಗೇ ಗೊರ್ಕೆ ಹೊಡೀತಿದ್ದ, ಅಲ್ವೇನಮ್ಮಿ?" ಎಂದರು.

"ನಾನೂ ಮೂಗು ಹಿಂಡ್ತಿದ್ದೆ ಅತ್ತೆ. ಏಳ್ತಿರ್ಲಿಲ್ಲ."

"ಅವರಪ್ಪಂದೂ ಅದೇ ಕತೆ. ನಾನು ಒದ್ದೇ ಎಬ್ಬುಸ್ತಿದ್ದೆ."

ಇಬ್ಬರೂ ನಕ್ಕೆವು. ನಗುತ್ತಲೇ ಅಳು ಬಂತು. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅಷ್ಟು ಜನರ ನಡುವೆ ಅತ್ತೆವು. ನಸ್ರೀನ್ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಆ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ಬೈದವರೇ ಹೆಚ್ಚು, ಕಥೆಯೂ ನನಗೆ ಅರ್ಧ ಮರೆತಿದೆ. ದುಃಖ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಈಗ ಅದನ್ನು ಇಬ್ಬರೂ ಕೂಡಿ ಹೊರುತ್ತಿದ್ದೇವೆ.

ವರ್ಷದ ಕಾರ್ಯ ಮುಗಿದ ಮೇಲೆ ಅಣ್ಣ ಕರೆಯಲು ಬಂದ. "ನಾನು ಇಲ್ಲೇ ಇರ್ತೀನಿ ಕಣಣ್ಣ" ಎಂದೆ. ಅವನು ಬೇಸರದಿಂದ ಚಪ್ಪಲಿ ಮೆಟ್ಟಿದ. ಒಳಗಿನಿಂದ ಅತ್ತೆ ಕೂಗಿ ಹೇಳಿದರು: "ಒಸಿ ಕೂರಕ್ಕೇಳಮ್ಮಿ ನಿಮ್ಮಣ್ಣಂಗೆ. ಮಂಜ ಇದ್ದಿದ್ರೆ ಉಣ್ಣುಸ್ದೆ ಕಳುಸ್ತಿದ್ನಾ?"