ಮಗಳು ಕಾರ್ಟ್ ಹತ್ತಿದ ವರ್ಷ

ಮಗ ಹೋದ ಮೇಲೆ ಮಗಳು ಯಾವ ಗಾಡಿಯನ್ನೂ ಹತ್ತದಾದಳು. ಆಗ ಅವಳಿಗೆ ಹತ್ತು ತುಂಬಿತ್ತು. ಶಾಲೆಯ ವ್ಯಾನು ಮನೆ ಮುಂದೆ ಬಂದು ಹಾರ್ನ್ ಹೊಡೆದರೆ ಹಿತ್ತಲಿಗೆ ಓಡಿ ಬಚ್ಚಲಮನೆಯ ಚಿಲಕ ಹಾಕಿಕೊಳ್ಳುತ್ತಿದ್ದಳು. ರಿಕ್ಷಾ ಬೇಡ, ಬಸ್ಸು ಬೇಡ, ಅಪ್ಪನ ಸ್ಕೂಟರಂತೂ ಬೇಡವೇ ಬೇಡ. ಬನಹಟ್ಟಿಯ ನಮ್ಮ ಓಣಿಯಿಂದ ಶಾಲೆ ದೂರ. ದಿನಾ ನಾನೇ ನಡೆಸಿಕೊಂಡು ಹೋಗುತ್ತಿದ್ದೆ. ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಕೇಳಿದರೆ ನನ್ನ ಸೆರಗು ಹಿಡಿದು ಗಟಾರದ ಅಂಚಿಗೆ ಎಳೆದು ನಿಲ್ಲಿಸುತ್ತಿದ್ದಳು. ಅದು ದಾಟಿ ಹೋಗುವ ತನಕ ಕಣ್ಣು ತೆರೆಯುತ್ತಿರಲಿಲ್ಲ.

ಮಗ ಹೋದದ್ದು ಕಬ್ಬಿನ ಸುಗ್ಗಿಯಲ್ಲಿ. ಪಿಯುಸಿ ಎರಡನೇ ವರ್ಷ ಅವನದು. ಬೆಳಗಿನ ಟ್ಯೂಷನ್ನಿಗೆ ಬೈಕಿನ ಮೇಲೆ ಜಮಖಂಡಿಗೆ ಹೋಗುತ್ತಿದ್ದ. ಆ ಬೆಳಿಗ್ಗೆ ಮಂಜು ದಟ್ಟವಾಗಿ ಬಿದ್ದಿತ್ತು. ಕಬ್ಬು ತುಂಬಿದ ಟ್ರೇಲರೊಂದು ಅಚ್ಚು ಮುರಿದು ರಸ್ತೆಯ ಮೇಲೇ ನಿಂತಿತ್ತು. ಹಿಂದೆ ಕೆಂಪು ದೀಪವಿರಲಿಲ್ಲ. ಚಾಲಕ ಗಾಲಿಗೆ ಕಲ್ಲು ಕೊಟ್ಟು ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗಿದ್ದನಂತೆ. ನನ್ನ ಮಗ ಹೆಲ್ಮೆಟ್ ಹಾಕಿದ್ದ. ಬಂದವರೆಲ್ಲ ಮೊದಲು ಅದನ್ನೇ ಕೇಳಿದರು, ಅದಕ್ಕೇ ಹೇಳುತ್ತಿದ್ದೇನೆ. ಹಾಕಿದ್ದ, ಪಟ್ಟಿಯನ್ನೂ ಬಿಗಿದಿದ್ದ. ಸಂಜೆಯ ಹೊತ್ತಿಗೆ ಅವನನ್ನು ನಮ್ಮ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಕೊಟ್ಟು ಬಂದೆವು.

ನಮ್ಮದು ಮಗ್ಗದ ಮನೆ. ಕೆಳಗೆ ಪಾವರ್‌ಲೂಮ್, ಮೇಲೆ ನಾವು. ಯಜಮಾನರು ಬಹಳ ದಿನ ಮಗ್ಗ ಹಚ್ಚಲಿಲ್ಲ. ಹುಟ್ಟಿದಂದಿನಿಂದ ಮಗ್ಗದ ಖಟಖಟದಲ್ಲಿ ಬೆಳೆದ ನನಗೆ ಆ ಸದ್ದಿಲ್ಲದ ಮನೆಯಲ್ಲಿ ಕಿವಿ ನೋಯುತ್ತಿತ್ತು. ಅವರು ಬೆಳಗಾದರೆ ಬೆಳಕು ಬಿದ್ದರೆ ಮಿನುಗುವ ಕೆಂಪು ಪಟ್ಟಿಯ ಸುರುಳಿಗಳನ್ನು ಚೀಲದಲ್ಲಿ ಹಾಕಿಕೊಂಡು ಸಕ್ಕರೆ ಕಾರ್ಖಾನೆಗಳ ಮುಂದೆ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ಮುಧೋಳದ ಕಡೆ, ಇನ್ನೊಂದು ದಿನ ಬೀಳಗಿ ದಾರಿ. ಸರದಿಯಲ್ಲಿ ನಿಂತ ಟ್ರೇಲರುಗಳ ಹಿಂದೆ ಪಟ್ಟಿ ಅಂಟಿಸುವುದೇ ಕೆಲಸ. ಕೆಲವರು ಕೈ ಮುಗಿಯುತ್ತಿದ್ದರು, ಕೆಲವರು ನಗುತ್ತಿದ್ದರು. ಸುಗ್ಗಿ ಮುಗಿದು ಟ್ರೇಲರುಗಳು ಊರಿಗೆ ಹೋದ ಮೇಲೆ ಮಾಡಲು ಏನೂ ಉಳಿಯದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಮಗಳನ್ನು ಮೀರಜಿನ ಡಾಕ್ಟರರಿಗೆ ತೋರಿಸಿದ್ದು ಆ ಬೇಸಿಗೆಯಲ್ಲಿ. ನಿದ್ದೆ ಬರುವ ಗುಳಿಗೆ ಕೊಟ್ಟು, ನಮ್ಮ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಒಯ್ದಿದ್ದೆವು. ಡಾಕ್ಟರು ಅವಳ ಜೊತೆ ಬಹಳ ಹೊತ್ತು ಮಾತಾಡಿ, ಅವಸರ ಮಾಡಬೇಡಿ, ಗಾಡಿ ತನ್ನ ಕೈಯಲ್ಲಿದೆ ಎಂದು ಅವಳಿಗೆ ಅನ್ನಿಸುವಂಥದ್ದು ಏನಾದರೂ ಇದ್ದರೆ ನೋಡಿ ಎಂದರು. ನಾನು ಸೈಕಲ್ಲು ಎಂದುಕೊಂಡೆ. ಯಜಮಾನರು ಬೇರೆಯೇ ತಿಳಿದುಕೊಂಡರು. ಮುಂದಿನ ಸಲ ಮೀರಜಿಗೆ ಹೋದಾಗ ಕಾರನ್ನು ಹೆದ್ದಾರಿಯ ಬದಿಯ ಒಂದು ಕಾರ್ಟಿಂಗ್ ಟ್ರ್ಯಾಕಿಗೆ ತಿರುಗಿಸಿದರು. ಮನೆಮಂದಿಯೆಲ್ಲ ಬಂದು ಆಡಬಹುದು ಎಂದು ಹೊರಗೆ ಬೋರ್ಡು ಹಾಕಿದ್ದರು.

ಒಳಗೆ ಹಾವಿನಂತೆ ಸುತ್ತಿ ಸುತ್ತಿ ಬರುವ ಡಾಂಬರಿನ ದಾರಿ. ಅಂಚಿಗೆ ಹಳೆಯ ಟೈರುಗಳನ್ನು ಕಟ್ಟಿ ಮಾಡಿದ ಗೋಡೆ. ನೆಲಕ್ಕೆ ಅಂಟಿದಂತಿದ್ದ, ಕಾರ್ಟ್ ಎಂಬ ಪುಟ್ಟ ಗಾಡಿಗಳಿಗೆ ಬಾಗಿಲಿಲ್ಲ, ಚಾವಣಿಯಿಲ್ಲ, ಗೇರೂ ಇಲ್ಲ. ಬಲಗಾಲಿಗೆ ವೇಗ, ಎಡಗಾಲಿಗೆ ಬ್ರೇಕು, ಅಷ್ಟೇ. ಕಲಿಸುವವಳು ನಿಪ್ಪಾಣಿ ಕಡೆಯ ಹುಡುಗಿ. ಮರಾಠಿಯಲ್ಲಿ ಶುರು ಮಾಡಿದವಳು ನಮ್ಮ ಮಾತು ಕೇಳಿ ತಾನೂ ಕನ್ನಡಕ್ಕೆ ತಿರುಗಿದಳು.

"ಅಕ್ಕಾರ, ಇಲ್ಲಿ ಎಲ್ಲಾರೂ ಒಂದ ದಿಕ್ಕಿಗೆ ಹೋಗ್ತಾರ. ಎದುರಿಂದ ಯಾರೂ ಬರೂದಿಲ್ಲ. ಮುಂದ ಯಾರರ ಕೆಟ್ಟು ನಿಂತ್ರ ಹಳದಿ ಬಾವುಟಾ ತೋರಸ್ತೇವಿ. ಆವಾಗ ಎಲ್ಲಾರೂ ಸಾವಕಾಶ ಆಗಬೇಕು, ಯಾರನ್ನೂ ದಾಟಬಾರ್ದು."

"ಕೆಟ್ಟು ನಿಂತ್ರ?" ಯಜಮಾನರು ಕೇಳಿದರು.

"ಹೂಂರಿ. ಹಿಂದ ಬರೋರಿಗೆ ಗೊತ್ತಾಗಬೇಕಲ್ರಿ."

ಅವರು ಮುಖ ತಿರುಗಿಸಿ ಕೆಮ್ಮತೊಡಗಿದರು. ಆಗಲೇ ಮಗಳು ನನ್ನ ಬೆನ್ನ ಹಿಂದಿನಿಂದ, "ಎಲ್ಲಾ ತಿರುವಿನ್ಯಾಗೂ ಬಾವುಟಾ ಇರತೈತೇನ್ರಿ?" ಎಂದಳು. ಅಣ್ಣ ಹೋದಂದಿನಿಂದ ಹೊರಗಿನವರ ಜೊತೆ ಅವಳಾಗಿಯೇ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ದಿನ ಅವಳು ಗಾಡಿ ಓಡಿಸಲಿಲ್ಲ. ಇಂಜಿನ್ ಬಂದಾಗಿದ್ದ ಕಾರ್ಟಿನಲ್ಲಿ ಕುಳಿತು ಸ್ಟೇರಿಂಗ್ ಹಿಡಿದಳು, ಇಳಿದಳು. ಮುಂದಿನ ಸಲ ಎರಡು ಸೀಟಿನ ಕಾರ್ಟಿನಲ್ಲಿ ಅಪ್ಪನ ಪಕ್ಕ ಕುಳಿತು ಬಂದಳು. ಎತ್ತರ ಅಳೆದು, ಸಾಕು ಎಂದ ಮೇಲೆ ಮಕ್ಕಳ ಕಾರ್ಟ್ ಕೊಟ್ಟರು. ಅದರ ವೇಗ ಕಡಿಮೆ, ಬೇಕಾದಾಗ ಹೊರಗಿನಿಂದಲೇ ರಿಮೋಟಿನಲ್ಲಿ ನಿಲ್ಲಿಸಬಹುದಿತ್ತು. ತೋಳು ಮುಚ್ಚುವ ದಪ್ಪ ಉಡುಪು, ಕೈಗವಸು, ಕುತ್ತಿಗೆಗೆ ಮೆತ್ತನೆಯ ಪಟ್ಟಿ, ತಲೆಗೆ ಹೆಲ್ಮೆಟ್. ಕೂದಲು ಹಿಂದಿನ ಅಚ್ಚಿಗೆ ಸುತ್ತಿಕೊಂಡರೆ ತಲೆಯ ಚರ್ಮವೇ ಕಿತ್ತು ಬರುತ್ತದೆ ಎಂದು ಆ ಹುಡುಗಿ ನನ್ನನ್ನೇ ನೋಡುತ್ತ ಹೇಳಿ, ಮಗಳ ಎರಡೂ ಜಡೆಗಳನ್ನು ಸುತ್ತಿ ಟೋಪಿಯೊಳಗೆ ತುರುಕಿದಳು. ಹೆಲ್ಮೆಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುವಾಗ ನಾನು ಎದ್ದು ಕಾರಿನ ಹತ್ತಿರ ಹೋಗಿ ನಿಂತೆ.

ನನಗೆ ಇದು ಸುತರಾಂ ಮನಸ್ಸಿಗೆ ಬಂದಿರಲಿಲ್ಲ. ನಮ್ಮ ಅತ್ತೆಗಂತೂ ಮೊದಲೇ ಇಲ್ಲ. ಮನೆಯಲ್ಲಿ ಗೊತ್ತಾದ ದಿನ ಅವರು ಊಟದ ತಾಟು ದೂಡಿದರು.

"ಒಂದ ಹೋತು. ಇದನ್ನೂ ಕಳಸಾಕ ಹೊಂಟೀರೇನೋ?"

"ಯವ್ವಾ, ಅಲ್ಲಿ ರಸ್ತಾ ಅಲ್ಲ ಅದು," ಎಂದರು ಯಜಮಾನರು. "ರಸ್ತಾದಾಗ ಇರೂದು ಯಾವ್ದೂ ಅಲ್ಲಿಲ್ಲ."

"ಗಾಡಿ ಐತೋ ಇಲ್ಲೋ?"

ನಾನು ಅತ್ತೆಯ ಪರವಾಗಿದ್ದೆ, ಆದರೆ ಬಾಯಿ ಬಿಡಲಿಲ್ಲ. ಯಾಕೆಂದರೆ ಆ ವಾರ ಮಗಳು ಕಾರಿನಲ್ಲಿ ಗುಳಿಗೆಯಿಲ್ಲದೆ ಕುಳಿತು ಬಂದಿದ್ದಳು. ಕಣ್ಣು ಮುಚ್ಚಿಯೇ ಇದ್ದಳು, ಆದರೆ ಎದ್ದು ಕುಳಿತಿದ್ದಳು.

ತಿಂಗಳಿಗೆ ಎರಡು ಸಲ ಹೋಗತೊಡಗಿದೆವು. ಅಲ್ಲಿ ಬರುವ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬರುತ್ತಿದ್ದವು. ಅಪ್ಪ ಮಗ, ಅಕ್ಕ ತಂಗಿ ಒಬ್ಬರನ್ನೊಬ್ಬರು ಬೆನ್ನಟ್ಟಿ, ಇಳಿದು, ಯಾರು ಯಾರನ್ನು ದಾಟಿದರು ಎಂದು ಜಗಳಾಡುತ್ತ ರೊಟ್ಟಿ ತಿನ್ನುತ್ತಿದ್ದರು. ಕೆಲವರು ನಮ್ಮನ್ನು ಮಾತಾಡಿಸುತ್ತಿದ್ದರು. ಒಬ್ಬಳೇ ಮಗಳೇ ಎಂದು ಕೇಳಿದರೆ ಯಜಮಾನರು ಎದ್ದು ಹೋಗಿಬಿಡುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ಹಾಗೆ ಹೂಂ ಎಂದ ಪ್ರತಿ ಸಲವೂ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯಲ್ಲೇ ಇಟ್ಟುಬಿಡುತ್ತಿದ್ದೆ.

ಮಗಳು ಕಲಿತಳು. ತಿರುವಿಗೆ ಮೊದಲು ನೇರ ದಾರಿಯಲ್ಲೇ ಬ್ರೇಕು ಒತ್ತುವುದು, ಆಮೇಲೆ ಬಿಟ್ಟು ತಿರುಗುವುದು. "ಗ್ವಾಡಿ ನೋಡಬ್ಯಾಡ ಬೇ, ಗ್ವಾಡಿ ನೋಡಿದ್ರ ಗ್ವಾಡಿಗೇ ಹೋಗ್ತೀ. ಎಲ್ಲಿ ಹೋಗಬೇಕಲ್ಲಾ, ಅಲ್ಲಿ ನೋಡು," ಎಂದು ನಿಪ್ಪಾಣಿಯ ಹುಡುಗಿ ಒದರುತ್ತಿದ್ದಳು. ಮನೆಗೆ ಬಂದಾಗ ಮಗಳ ಅಂಗೈಯಲ್ಲಿ ಬೊಬ್ಬೆ, ಪಕ್ಕೆಲುಬಿಗೆ ಸೀಟು ಬಡಿದು ನೀಲಿ ಗುರುತು. ಎಣ್ಣೆ ಹಚ್ಚುತ್ತ ನಾನು ಬೈಯುತ್ತಿದ್ದೆ. ಅವಳು ಮಾತಾಡುತ್ತಿದ್ದಳು! ಯಾವ ತಿರುವಿನಲ್ಲಿ ಏನಾಯಿತು, ಯಾರ ಗಾಡಿ ತಿರುಗಿ ನಿಂತಿತು, ಎಲ್ಲವನ್ನೂ. ದಸರೆ ಹೊತ್ತಿಗೆ ಶಾಲೆಯ ವ್ಯಾನು ಹತ್ತಿದಳು.

ದೀಪಾವಳಿ ರಜೆಯಲ್ಲಿ ಮಕ್ಕಳಿಗೊಂದು ಸಣ್ಣ ಪಂದ್ಯ ಇಟ್ಟಿದ್ದರು. ನಮ್ಮವಳು ಐದನೆಯವಳಾಗಿ ಹೊರಟಳು. ಯಜಮಾನರು ಬೇಲಿಗೆ ಅಂಟಿಕೊಂಡು ನಿಂತಿದ್ದರು. ಬಹಳ ದಿನಗಳ ಮೇಲೆ ಅವರು ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಅರ್ಧ ಪಂದ್ಯ ಮುಗಿದಿರಬೇಕು. ಉದ್ದ ತಿರುವಿನಲ್ಲಿ ಅವಳ ಮುಂದಿನ ಕಾರ್ಟ್ ಅಡ್ಡ ತಿರುಗಿತು. ಇವಳು ತಪ್ಪಿಸಿಕೊಂಡಳು, ಆದರೆ ಹಿಂದಿನಿಂದ ಬಂದ ಕಾರ್ಟಿನ ಗಾಲಿ ಇವಳ ಗಾಲಿಯ ಮೇಲೆ ಹತ್ತಿತು. ನಮ್ಮ ಮಗಳು ಟೈರಿನ ಗೋಡೆಗೆ ಹೋಗಿ ಬಡಿದಳು. ಯಾರದೂ ತಪ್ಪಿರಲಿಲ್ಲ. ಹಳದಿ ಬಾವುಟ, ಅದರ ಬೆನ್ನಿಗೇ ಕೆಂಪು ಬಾವುಟ ಮೇಲೆದ್ದವು, ಎಲ್ಲ ಗಾಡಿಗಳೂ ನಿಂತವು.

ಯಜಮಾನರು ಬೇಲಿ ಹಾರಿದರು. ಹಾಗೆ ಹೋಗಕೂಡದು ಎಂದು ಯಾರೋ ಕೂಗಿದರು. ಹತ್ತು ಹೆಜ್ಜೆ ಓಡಿದವರು ಡಾಂಬರಿನ ನಡುವೆ ಕುಸಿದು ಕುಳಿತರು. ಏಳಲಾಗಲಿಲ್ಲ. ಎರಡೂ ಕೈಯಿಂದ ನೆಲ ಹಿಡಿದು ಕುಳಿತಿದ್ದರು. ನಾನು ಅವರನ್ನು ದಾಟಿಕೊಂಡು ಮಗಳ ಬಳಿ ಹೋದೆ. ಹೇಗೆ ಹೋದೆನೋ ತಿಳಿಯದು.

ಅವಳನ್ನು ಅಲ್ಲಾಡಿಸದೆ ಕೂರಿಸಿದ್ದರು. ಹೆಲ್ಮೆಟ್ ಇನ್ನೂ ತೆಗೆದಿರಲಿಲ್ಲ. ಅದರ ಕಿಂಡಿಯೊಳಗಿಂದ ಎರಡು ಕಣ್ಣು ಕಂಡವು, ತೆರೆದಿದ್ದವು.

"ಅವ್ವಾ, ನಾ ಅದೀನಿ," ಎಂದಳು. "ಭುಜಾ ಭಾಳ ನೋಯಾಕತ್ತೈತಿ. ಆದ್ರ ನಾ ಅದೀನಿ. ಪಪ್ಪಾಗ ಹೋಗಿ ಹೇಳು."

ಕೊರಳಿನಿಂದ ಭುಜಕ್ಕೆ ಹೋಗುವ ಎಲುಬು ಮುರಿದಿತ್ತು. ಪಟ್ಟಿ ಕಟ್ಟಿ, ತೋಳನ್ನು ಕೊರಳಿಗೆ ತೂಗಿಬಿಟ್ಟು, ಮಕ್ಕಳದು ಬೇಗ ಕೂಡುತ್ತದೆ ಎಂದು ಹೇಳಿ ಕಳಿಸಿದರು. ವಾಪಸು ಬರುವಾಗ ಯಜಮಾನರು ಎತ್ತಿನ ಬಂಡಿಯಂತೆ ಕಾರು ಓಡಿಸಿದರು. ಮಹಾಲಿಂಗಪುರ ದಾಟುವ ಮೊದಲೇ ಕಬ್ಬಿನ ಟ್ರೇಲರುಗಳು ಸಿಕ್ಕವು, ಸುಗ್ಗಿ ಮತ್ತೆ ಶುರುವಾಗಿತ್ತು. ಪ್ರತಿಯೊಂದರ ಹಿಂದೆಯೂ ಅವರು ಗಾಡಿ ನಿಲ್ಲಿಸಿಬಿಡುತ್ತಿದ್ದರು. ಅದು ಕಣ್ಮರೆಯಾದ ಮೇಲೆಯೇ ಹೊರಡುವುದು. ಮಗಳು ಹಿಂದಿನ ಸೀಟಿನಲ್ಲಿ ಎಚ್ಚರವಾಗಿಯೇ ಇದ್ದಳು.

ಮನೆಯಲ್ಲಿ ಅತ್ತೆ ಬೈಯಲಿಲ್ಲ. ಮೊಮ್ಮಗಳ ತೋಳು ನೋಡಿ ಹಣೆಗೆ ವಿಭೂತಿ ಹಚ್ಚಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಎಲುಬು ಕೂಡಿದ ಮೇಲೆ ಮಗಳು ಕೇಳಿದಳು, "ಪಪ್ಪಾ, ಯಾವಾಗ ಹೋಗೂದು?" ಅವರು ಕೇಳಿಸಿಕೊಳ್ಳದವರಂತೆ ಕೆಳಗೆ ಇಳಿದು ಮಗ್ಗ ಹಚ್ಚಿದರು. ಅಷ್ಟು ತಿಂಗಳು ನಿಂತಿದ್ದ ಮಗ್ಗವನ್ನು ಅವರು ಹಚ್ಚಿದ್ದು ಮಗಳ ಮಾತು ಕೇಳಬಾರದೆಂದು. ದಿನಾ ಅದೇ ಆಯಿತು. ಅವಳು ಕೇಳುವುದನ್ನು ಬಿಟ್ಟಳು, ಬೇರೆ ಮಾತೂ ಕಡಿಮೆಯಾಯಿತು. ಒಂದು ಮುಂಜಾನೆ ವ್ಯಾನು ಬಂದಾಗ ಬಾಗಿಲ ಹತ್ತಿರ ನಿಂತು, ನಡೆದು ಹೋಗುತ್ತೇನೆ ಎಂದಳು.

ಅವತ್ತು ನಾನು ಮಗ್ಗದ ಕೋಣೆಗೆ ಹೋಗಿ ಸ್ವಿಚ್ಚು ಆರಿಸಿದೆ.

"ಕರ್ಕೊಂಡ ಹೋಗ್ರಿ ಆಕಿನ್ನ."

"ನನ್ನ ಕಡಿಂದ ಆಗೂದಿಲ್ಲ."

"ನೀವಽ ಶುರು ಮಾಡಿದ್ರಿ. ನಾ ಬ್ಯಾಡ ಅಂತಿದ್ದೆ."

"ಹೌದು ಮಾಡಿದ್ನಿ," ಎಂದರು. ಕೈಯಲ್ಲಿದ್ದ ಲಾಳಿಯನ್ನು ತಿರುವುತ್ತಲೇ ಇದ್ದರು. "ಆವಾಗ ಎದಿ ಇತ್ತು. ಇಬ್ಬರನ್ನೂ ಮಣ್ಣಾಗ ಇಟ್ಟು ಬರಾಕ ನನಗ ಆಗೂದಿಲ್ಲ. ನೀ ಏನರ ಅನ್ನು."

ಅವರು ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಾಗುತ್ತಿದ್ದೆನೋ ಏನೋ.

ಆ ಭಾನುವಾರ ನಾನೇ ಮಗಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಬಂದಾಗ ಅವಳು ನನ್ನ ಮುಖ ನೋಡಿದಳು, ನಾನು ಅವಳದು ನೋಡಿದೆ. ಇಬ್ಬರೂ ಹತ್ತಿದೆವು. ಕಿಟಕಿಯ ಕಂಬಿ ಹಿಡಿದ ಅವಳ ಬೆರಳುಗಳು ಬೆಳ್ಳಗಾಗಿದ್ದವು. ಆದರೆ ಕಣ್ಣು ತೆರೆದೇ ಇತ್ತು.

ಟ್ರ್ಯಾಕಿನಲ್ಲಿ ನಿಪ್ಪಾಣಿಯ ಹುಡುಗಿ, "ಸರ್ ಬಂದಿಲ್ಲೇನ್ರಿ?" ಎಂದಳು. ಇಲ್ಲ ಎಂದೆ. ಮಗಳಿಗೆ ಒಬ್ಬಳೇ ಹೋಗಲು ಅಂಜಿಕೆ. ಕುಳಿತಳು, ಇಳಿದಳು, ಮತ್ತೆ ಕುಳಿತಳು. ಕೊನೆಗೆ, "ಅವ್ವಾ, ನೀನೂ ಬಾ," ಎಂದಳು.

ನಾನು ಸೈಕಲ್ಲನ್ನೂ ಹೊಡೆದವಳಲ್ಲ. ಆ ಹುಡುಗಿ ಒಂದು ಪ್ಯಾಂಟು ಕೊಟ್ಟಳು. ಸೀರೆ ಬಿಚ್ಚಿಟ್ಟು ಅದನ್ನು ಹಾಕಿಕೊಂಡು, ಮೇಲೆ ಆ ದಪ್ಪ ಉಡುಪು ತೊಟ್ಟೆ. ತುರುಬನ್ನು ಟೋಪಿಯೊಳಗೆ ತುರುಕಿ ಹೆಲ್ಮೆಟ್ ಹಾಕಿದಳು. ಒಳಗೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಪಟ್ಟಿ ಗದ್ದದ ಕೆಳಗೆ ಬಿಗಿಯಿತು. ಮಗನೂ ಬೈಕಿನ ಮೇಲೆ ದಿನಾ ಈ ಉಸಿರಿನ ಸದ್ದನ್ನೇ ಕೇಳಿರಬೇಕು ಎನ್ನಿಸಿತು.

ಮಗಳು ಮುಂದೆ, ನಾನು ಹಿಂದೆ. ನೆಲ ಕೈಗೆ ಸಿಗುವಷ್ಟು ಹತ್ತಿರ ಓಡುತ್ತಿತ್ತು. ಮೈಯ ಎಲುಬೆಲ್ಲ ಅಲುಗಾಡಿದವು. ನಾನು ಹೋದದ್ದು ಬಹಳ ನಿಧಾನವಂತೆ, ಆದರೂ ತಿರುವು ಹತ್ತಿರ ಬರುವುದಕ್ಕೂ ಕಾಲು ಬ್ರೇಕಿಗೆ ಹೋಗುವುದಕ್ಕೂ ನಡುವೆ ಸಮಯವೇ ಇರಲಿಲ್ಲ. ಎಷ್ಟು ಕಡಿಮೆ ಹೊತ್ತು ಎಂದು ನನಗೆ ಆವತ್ತು ಗೊತ್ತಾಯಿತು. ಅವನು ಆ ಟ್ರೇಲರನ್ನು ನೋಡಿದನೋ, ನೋಡಲೇ ಇಲ್ಲವೋ, ನನ್ನನ್ನು ಕರೆದನೋ ಎಂದು ದಿನವೂ ಕೇಳಿಕೊಳ್ಳುತ್ತಿದ್ದೆ. ಅಷ್ಟಕ್ಕೆಲ್ಲ ಅಲ್ಲಿ ಹೊತ್ತಿಲ್ಲ. ಕರೆಯಲು ಹೊತ್ತಿಲ್ಲ. ಮಗಳು ಒಂದು ಸುತ್ತು ಹಾಕಿ ಹಿಂದಿನಿಂದ ಬಂದು ನನ್ನನ್ನು ದಾಟಿ ಹೋದಳು.

ಇಳಿದು ಬೇಲಿಯ ಪಕ್ಕ ಹೋಗಿ ವಾಂತಿ ಮಾಡಿಕೊಂಡೆ. ಮಗಳು ಬಾಟಲಿ ಹಿಡಿದುಕೊಂಡು ನಿಂತಿದ್ದಳು. "ಸಾಕಾತೇನವ್ವಾ?" ಎಂದಳು.

"ಇವತ್ತಿಗೆ ಸಾಕು. ನೀ ಹೋಗು."

ಈಗ ಅವಳಿಗೆ ಹನ್ನೆರಡು. ಮಕ್ಕಳ ಕಾರ್ಟು ಬಿಟ್ಟು ದೊಡ್ಡದಕ್ಕೆ ಬಂದಿದ್ದಾಳೆ. ಎರಡು ಪಂದ್ಯ ಓಡಿದ್ದಾಳೆ, ಒಂದರಲ್ಲಿ ಮೂರನೆಯವಳು, ಇನ್ನೊಂದರಲ್ಲಿ ಎಲ್ಲರಿಗಿಂತ ಹಿಂದೆ. ನಾನು ತಿಂಗಳಿಗೊಮ್ಮೆ ಓಡಿಸುತ್ತೇನೆ. ಸುಖಕ್ಕಲ್ಲ. ಅವಳು ಹೋಗುವ ಜಾಗಕ್ಕೆ ನನಗೂ ಹೋಗಿ ಗೊತ್ತಿರಲಿ ಎಂದು. ನಾವು ಹೋಗುವ ದಿನ ಅತ್ತೆ ಈಗಲೂ ನಮ್ಮ ಜೊತೆ ಮಾತಾಡುವುದಿಲ್ಲ, ಬಂದ ಮೇಲೆ ಮೊಮ್ಮಗಳ ತೋಳು ಕಾಲು ಮುಟ್ಟಿ ನೋಡುತ್ತಾರೆ.

ಹೋದ ಮಳೆಗಾಲದಿಂದ ಯಜಮಾನರು ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದಾರೆ. ತಾವಾಗಿಯೇ ಬಂದರು. ಗೇಟಿನ ಹೊರಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಸದ್ದು ಕೇಳಬಾರದೆಂದು ನಾಲ್ಕೂ ಗಾಜು ಏರಿಸಿಕೊಂಡು, ಆ ಸೆಕೆಯಲ್ಲಿ ಬೆವರುತ್ತ ಒಳಗೇ ಕೂರುತ್ತಾರೆ. ಒಳಗೆ ಬನ್ನಿ ಎಂದು ನಾವು ಕರೆಯುವುದಿಲ್ಲ.